ಬೋನಾಳದ ದಂಡೆ, ಮೆಂಟನ್ನಿನ ದಂಡೆ

ಕಕ್ಕೇರಾದಲ್ಲಿ ನಿಂತು ಸಮುದ್ರದ ಮಾತು ತೆಗೆದರೆ ಜನ ನಾರಾಯಣಪುರದ ಕಡೆ ಕೈ ತೋರಿಸುತ್ತಾರೆ. ಬಸವಸಾಗರ ತುಂಬಿದ ವರ್ಷ ಹಿನ್ನೀರಿನ ಆಚೆ ದಂಡೆ ಕಣ್ಣಿಗೆ ಹತ್ತುವುದಿಲ್ಲ. ಗಾಳಿ ಬಿಟ್ಟರೆ ತೆರೆಯೂ ಏಳುತ್ತದೆ. ನಮ್ಮ ಮಂದಿಗೆ ಅಷ್ಟು ಸಾಕು. ಆದರೆ ಶಾಲೆಯ ಪ್ರವಾಸಕ್ಕೆಂದು ಗೋಕರ್ಣಕ್ಕೆ ಹೋಗಿಬಂದ ಅಣ್ಣನ ಮಗನಿಗೆ ಅಷ್ಟು ಸಾಲಲಿಲ್ಲ. ಚಪ್ಪಲಿಯಲ್ಲಿನ ಮರಳು ಇನ್ನೂ ಉದುರುತ್ತಿರುವಾಗಲೇ ಬಂದು ಕೇಳಿದ:

“ಕಾಕಾ, ನಮ್ ಕಡೆ ಅಂಥಾ ಊರು ಒಂದೂ ಇಲ್ಲೇನು? ಸುಮ್ನ ನೀರು ನೋಡ್ಕೋತ ಕುಂದ್ರಾಕ ಮಂದಿ ಬರೋ ಊರು?”

“ಇಲ್ಲಂತ ಯಾರಂದ್ರು? ಖರೇ ಅಂದ್ರ, ನಮ್ ಕಡೆ ಸುಮ್ನ ಕುಂದ್ರಾಕ ಬಂದೋರ್ನ ಯಾರೂ ಸುಮ್ನ ಕುಂದ್ರಾಕ ಬಿಟ್ಟಿಲ್ಲ ನೋಡು.”

ಹುಡುಗ ನಕ್ಕು ಆಟಕ್ಕೆ ಹೋದ. ನಾನು ಆಡಿದ ಮಾತು ನನ್ನನ್ನೇ ಹಿಡಿದುಕೊಂಡಿತು. ದಿಲ್ಲಿಯ ಬಾದಶಹನೊಬ್ಬ ಇಲ್ಲಿ ಕೃಷ್ಣೆಯ ದಂಡೆಯಲ್ಲಿ ಆರು ತಿಂಗಳು ಡೇರೆ ಹಾಕಿ ಮಲಗಿದ್ದ. ಇಂಗ್ಲೆಂಡಿನಿಂದ ಬಂದ ಇನ್ನೊಬ್ಬ ಸುರಪುರದ ಗುಡ್ಡದ ಮೇಲೆ ಗಾಳಿಗೆ ಮುಖ ಕೊಟ್ಟು ಮನೆ ಕಟ್ಟಿಸಿ, ಬೋನಾಳದ ಕೆರೆಯ ಏರಿ ಸರಿಪಡಿಸಿ, ಮುದುಕನಾದ ಮೇಲೆ ನಿಜವಾದ ಕಡಲೂರೊಂದರಲ್ಲಿ ಪ್ರಾಣ ಬಿಟ್ಟ. ಈ ಇಬ್ಬರ ನಡುವೆ ಸಿಕ್ಕ ಊರು ಸುರಪುರ. ಅದರ ಕಥೆಯನ್ನು ಹುಡುಗನಿಗೆ ಪೂರ್ತಿ ಹೇಳಿರಲಿಲ್ಲ. ಈಗ ಬರೆಯುತ್ತಿದ್ದೇನೆ.

ಈ ಸೀಮೆಯನ್ನು ನೋಡದವರಿಗೆ ಮೊದಲು ನೆಲದ ಪರಿಚಯ ಬೇಕು. ಬಡಗಿಗೆ ಭೀಮೆ, ತೆಂಕಿಗೆ ಕೃಷ್ಣೆ, ನಡುವೆ ಎರೆಹೊಲ. ಎರೆಯೊಳಗಿಂದ ಏಕಾಏಕಿ ಎದ್ದ ಬೆಣಚುಕಲ್ಲಿನ ಗುಡ್ಡಗಳು, ಒಂದರ ಮೇಲೊಂದು ಪೇರಿಸಿಟ್ಟಂತಿರುವ ಬಂಡೆಗಳು. ಶಹಾಪುರದ ಗುಡ್ಡ ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆಂದು ಈಗ ಫೋಟೊ ತೆಗೆಯಲು ಬರುವವರಿದ್ದಾರೆ. ಬೇಸಿಗೆಯಲ್ಲಿ ಇದೇ ಬಂಡೆಗಳು ರಾತ್ರಿ ಹತ್ತರವರೆಗೂ ಕಾವು ಬಿಡುವುದಿಲ್ಲ. ಎರಡು ಹೊಳೆಗಳ ನಡುವೆ ಇದ್ದೂ ನೀರಿಗೆ ಬಾಯಿ ಬಿಡುವ ನಾಡಿದು. ಅದಕ್ಕೇ ಇಲ್ಲಿ ನೀರು ಸಿಕ್ಕ ಕಡೆ ಮನುಷ್ಯ ಬಹಳ ಹಿಂದಿನಿಂದ ಬೇರು ಬಿಟ್ಟಿದ್ದಾನೆ.

ಬಹಳ ಹಿಂದೆ ಎಂದರೆ ಎಷ್ಟು ಹಿಂದೆ? ಹುಣಸಗಿ ಮತ್ತು ಬೈಚಬಾಳದ ಕೊಳ್ಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ದಶಕಗಟ್ಟಲೆ ನಡೆದಾಡಿ ಆದಿಮಾನವನ ನೆಲೆಗಳನ್ನು ಗುರುತಿಸಿದರು. ಅವುಗಳಲ್ಲಿ ಇಸಾಂಪುರ ಎಲ್ಲಕ್ಕಿಂತ ಸೋಜಿಗದ್ದು. ಸುಣ್ಣಕಲ್ಲಿನ ಹಾಸುಗಳನ್ನು ಎಬ್ಬಿಸಿ, ಒಡೆದು, ಕೈಗೊಡಲಿ ಮಾಡುತ್ತಿದ್ದ ಜಾಗ ಅದು. ಅಂದರೆ ಒಂದು ಕಾರ್ಖಾನೆ. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲುಗಳಿಂದ ಲೆಕ್ಕ ಹಾಕಿ ಸುಮಾರು 12 ಲಕ್ಷ ವರ್ಷ ಹಳೆಯದೆಂದು ಹೇಳಿದ್ದಾರೆ. ಕಲ್ಲೂ ಬೇಕು, ಬೇಸಿಗೆಯಲ್ಲೂ ಬತ್ತದ ಸೆಲೆಯೂ ಬೇಕು. ಎರಡೂ ಒಂದೇ ಕಡೆ ಸಿಕ್ಕದ್ದರಿಂದ ಅವರು ಅಲ್ಲಿ ಕೂತರು. ಮುಂದೆ ಈ ಸೀಮೆಯಲ್ಲಿ ಕೋಟೆ ಕಟ್ಟಿದವರೂ ಇದೇ ಎರಡನ್ನು ನೋಡಿ ಜಾಗ ಹಿಡಿದರು.

ಕೋಟೆ ಕಟ್ಟಿದವರು ಬೇಡ ನಾಯಕರು. ಬಿಜಾಪುರದ ಆದಿಲಶಾಹಿಗಳಿಗೆ ಕಾಲಾಳು ಒದಗಿಸುತ್ತಿದ್ದ, ಕೋವಿಗೆ ಹೆಸರಾದ, ರಾತ್ರಿ ಮೇಲೆ ಬೀಳುವುದರಲ್ಲಿ ಪಳಗಿದ ಜನ. 1686ರಲ್ಲಿ ಬಿಜಾಪುರ ಬಿತ್ತು, ಮರುವರ್ಷ ಗೋಲ್ಕೊಂಡವೂ ಬಿತ್ತು. ಔರಂಗಜೇಬನ ಸೈನ್ಯ ಅಲ್ಲಿಂದ ನೇರ ಈ ಕಡೆ ತಿರುಗಿತು. ಇಂದಿನ ಶಹಾಪುರ ತಾಲ್ಲೂಕಿನ ಸಗರದಲ್ಲಿದ್ದ ಪಾಮನಾಯಕ 1687ರ ಕೊನೆಗೆ ಕೋಟೆ ಒಪ್ಪಿಸಿ ಬಾದಶಹನ ದರ್ಬಾರಿಗೆ ಹೋದ. ಹೋದ ಕೆಲವೇ ದಿನಗಳಲ್ಲಿ ತೀರಿಕೊಂಡ. ದರ್ಬಾರಿನ ಉಮರಾವರು ಅವನ ಕಪ್ಪು ಮೈಬಣ್ಣ ನೋಡಿ ನಕ್ಕರೆಂಬ ಮಾತನ್ನು ಆ ಕಾಲದ ಬರಹಗಾರರೇ ಬರೆದಿಟ್ಟಿದ್ದಾರೆ. ಆ ನಗೆಗೆ ಮುಂದೆ ಹದಿನೇಳು ವರ್ಷ ಬಡ್ಡಿ ಕಟ್ಟಬೇಕಾಯಿತು.

ಪಾಮನಾಯಕನ ಸಂಬಂಧಿ ಪಿಡ್ಡನಾಯಕ ಸಗರದ ಆಸೆ ಬಿಟ್ಟು ವಾಗಣಗೇರಾದ ಗುಡ್ಡಕ್ಕೆ ಬಂದ. ಕೋಟೆ ಗಟ್ಟಿಮಾಡಿದ. ಕೋವಿಯವರನ್ನೂ ತೋಪುಗಳನ್ನೂ ಸೇರಿಸಿದ. ಮೊಗಲ್ ಸರದಾರರು ಬಂದಾಗ ಕೈಮುಗಿಯುತ್ತಿದ್ದ, ಕಪ್ಪ ಕೊಡುತ್ತಿದ್ದ. ಅವರು ಬೆನ್ನು ತಿರುಗಿಸಿದ ಮೇಲೆ ಮತ್ತೆ ತನ್ನ ದಾರಿ ತನಗೆ. ನಮ್ಮ ಕಡೆ ಇದಕ್ಕೆ ‘ಹೂಂ ಅನ್ನೋದು, ತನ್ನ ಕೆಲಸ ತಾ ಮಾಡೋದು’ ಅನ್ನುತ್ತೇವೆ. ಮೂರ್ನಾಲ್ಕು ಸಲ ಹೀಗಾದ ಮೇಲೆ ಬಾದಶಹನಿಗೆ ತಾನೇ ಹೋಗಬೇಕೆಂದು ಹಟ ಹುಟ್ಟಿತು.

1705ರ ಫೆಬ್ರುವರಿಯಲ್ಲಿ ಔರಂಗಜೇಬ ವಾಗಣಗೇರಾದ ಮುಂದೆ ಬಂದು ನಿಂತ. ವಯಸ್ಸು 86. ಅರ್ಧ ಹಿಂದುಸ್ತಾನವನ್ನು ಗೆದ್ದವನು ಯಾದಗಿರಿ ಸೀಮೆಯ ಒಂದು ಗುಡ್ಡದ ಬುಡದಲ್ಲಿ ಪಲ್ಲಕ್ಕಿ ಇಳಿಸಿ ಕೂತಿದ್ದನ್ನು ನೆನೆದರೆ, ಮೊಗಲ್ ಚರಿತ್ರೆಯನ್ನು ದಿಲ್ಲಿ ಆಗ್ರಾದಿಂದಲೇ ಓದಿಸುವ ನಮ್ಮ ಪಠ್ಯಪುಸ್ತಕಗಳ ಮೇಲೆ ಸಿಟ್ಟು ಬರುತ್ತದೆ. ಅವನು ಸ್ವತಃ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದು.

ಮೊದಮೊದಲು ಮೊಗಲರ ಕೈ ಮೇಲಾಯಿತು. ಕೋಟೆಗೆದುರಿನ, ಅವರು ಲಾಲ್ ಟೀಕ್ರಿ ಎಂದು ಕರೆದ ದಿಬ್ಬ ಕೈಗೆ ಬಂತು. ಬೇಡರು ಮೇಲಿಂದ ಕಲ್ಲು ಉರುಳಿಸಿ, ಗುಂಡಿನ ಮಳೆ ಸುರಿಸಿ ಅದನ್ನು ಕಸಿದರು. ಅಷ್ಟರಲ್ಲಿ ಧನಾಜಿ ಜಾಧವ ಮತ್ತು ಹಿಂದೂರಾವ್ ಮರಾಠಾ ಕುದುರೆಗಳೊಡನೆ ಹೊರಗಿನಿಂದ ಬಂದು ಬಿದ್ದರು. ಅವರಿಗೆ ಇಲ್ಲಿ ಏನು ಕೆಲಸ ಎಂದರೆ, ಅನೇಕ ಮರಾಠಾ ಸರದಾರರ ಹೆಂಡಿರು ಮಕ್ಕಳು ಇದೇ ಕೋಟೆಯೊಳಗೆ ಆಶ್ರಯ ಪಡೆದಿದ್ದರು. ಒಂದು ಕಡೆ ಹಗಲು ಕಾಳಗ ನಡೆದಿರುವಾಗ ಇನ್ನೊಂದು ಬಾಗಿಲಿನಿಂದ ಆ ಹೆಂಗಸರನ್ನು ಕುದುರೆ ಏರಿಸಿ ಹೊರಗೆ ದಾಟಿಸಿದರು. ಮರಾಠರು ಅದಾದ ಮೇಲೂ ಹೊರಡಲಿಲ್ಲ. ನಿಲ್ಲಲಿಕ್ಕೆ ಪಿಡ್ಡನಾಯಕ ದಿನವಹಿ ಹಣ ಎಣಿಸಿದ.

ನಡುವೆ ಸಂಧಾನದ ಆಟವೂ ನಡೆಯಿತು. ನಾಯಕ ತನ್ನ ತಮ್ಮನನ್ನು ಬಾದಶಹನ ಪಾಳಯಕ್ಕೆ ಕಳಿಸಿದ, ಕೋಟೆ ಒಪ್ಪಿಸುವ ಮಾತಾಯಿತು. ಪಾಳಯದಲ್ಲಿ ನಗಾರಿಯೂ ಬಾರಿಸಿತು. ಆಮೇಲೆ ನಾಯಕನಿಗೆ ತಲೆಕೆಟ್ಟಿತಂತೆ, ಮರಾಠರ ಜೊತೆ ಓಡಿಹೋದನಂತೆ ಎಂದು ಸುದ್ದಿ ಬಂತು. ಅವನು ಒಳಗೇ ಇದ್ದ. ಮೋಸ ತಿಳಿದು ಮುದುಕ ಬಾದಶಹ ಎಷ್ಟು ಕುದಿದನೋ, ದಕ್ಷಿಣದಲ್ಲಿದ್ದ ತನ್ನ ಅತಿ ನುರಿತ ಸೇನಾಪತಿ ಜುಲ್ಫಿಕರ್ ಖಾನನನ್ನು ಕರೆಸಿದ. ಅವನು ಬಂದು ಮೊದಲು ಮಾಡಿದ ಕೆಲಸ ನೋಡಿ: ಗೋಡೆಗೆ ಏಣಿ ಹಚ್ಚಲಿಲ್ಲ, ಕೋಟೆಯ ಕೆಳಗಿನ ಪೇಟೆಯ ಬಾವಿಗಳನ್ನು ಹಿಡಿದ. ಈ ಸೀಮೆಯನ್ನು ಅರ್ಥಮಾಡಿಕೊಂಡವನೆಂದರೆ ಅವನೊಬ್ಬನೇ.

ನೀರು ತಪ್ಪಿದ ಕೋಟೆ ನಿಲ್ಲಲಿಲ್ಲ. ಏಪ್ರಿಲ್ ಕೊನೆಯ ಒಂದು ರಾತ್ರಿ ಪಿಡ್ಡನಾಯಕ ತನ್ನ ಜನರೊಡನೆ ಕತ್ತಲಲ್ಲಿ ಇಳಿದುಹೋದ. ಬೆಂಕಿ ಎದ್ದದ್ದು ಕಂಡು, ಗುಂಡಿನ ಸದ್ದು ನಿಂತದ್ದು ಕೇಳಿ ಮೊಗಲರು ಒಳಗೆ ನುಗ್ಗಿದರೆ ಉರಿಯುವ ಮನೆಗಳ ಹೊರತು ಅಲ್ಲಿ ಮತ್ತೇನೂ ಇರಲಿಲ್ಲ. ಬಾದಶಹ ಊರಿಗೆ ರಹಮಾನ್ ಬಕ್ಷ್ ಎಂದು ಹೊಸ ಹೆಸರಿಟ್ಟ. ಆ ಹೆಸರು ಈಗ ಪುಸ್ತಕಗಳಲ್ಲಿ ಮಾತ್ರ ಇದೆ. ಬಸ್ಸಿನ ಬೋರ್ಡಿನ ಮೇಲೆ ವಾಗಣಗೇರಾ ಎಂದೇ ಇದೆ.

ಗೆದ್ದ ಮೇಲೆ ಅವನಿಗೆ ಬೇಕಾದದ್ದು ವಿಶ್ರಾಂತಿ. ವಾಗಣಗೇರಾದಿಂದ ತೆಂಕಿಗೆ, ಕೃಷ್ಣೆಯ ಕಡೆ ಹೋದರೆ ದೇವಾಪುರ. ಆ ಬೇಸಿಗೆಗೆ ಹಸಿರು ಉಳಿದಿದ್ದ ಹಳ್ಳಿ. ಮಳೆಗಾಲ ಕಳೆಯಲೆಂದು ಪಾಳಯ ಅಲ್ಲಿಗೆ ಇಳಿಯಿತು. ಬಾದಶಹನ ಪಾಳಯವೆಂದರೆ ಸಣ್ಣದಲ್ಲ: ಆನೆ, ಒಂಟೆ, ಬಜಾರು, ಅಕ್ಕಸಾಲಿಗರು, ಅಡಿಗೆಯವರು, ಕಚೇರಿ, ಜನಾನ, ಎಲ್ಲ ಸೇರಿ ನಡೆಯುವ ಒಂದು ಪಟ್ಟಣ. ಹೀಗೆ ಆರು ತಿಂಗಳ ಮಟ್ಟಿಗೆ ಹಿಂದುಸ್ತಾನದ ರಾಜಧಾನಿ ನಮ್ಮ ದೇವಾಪುರವಾಯಿತು. ಜೈಮಿನಿ ಭಾರತದ ಲಕ್ಷ್ಮೀಶ ಕಡೂರಿನ ದೇವನೂರಿನವನೋ ಈ ದೇವಾಪುರದವನೋ ಎಂದು ವಿದ್ವಾಂಸರು ವಾದ ಮಾಡಿದ್ದಾರೆ. ಕವಿಯನ್ನು ಅವರು ಬೇಕಾದ ಕಡೆಗೆ ಒಯ್ಯಲಿ, ಬಾದಶಹನಂತೂ ನಮ್ಮವನೇ.

ಹೊಳೆಯ ಗಾಳಿ ಅವನಿಗೆ ಒಗ್ಗಲಿಲ್ಲ. ಜ್ವರ, ಕೀಲುನೋವು, ನಡುನಡುವೆ ಎಚ್ಚರ ತಪ್ಪುವುದು. ಸತ್ತೇಹೋದನೆಂದು ಪಾಳಯದಲ್ಲಿ ಗಾಬರಿ ಹಬ್ಬಿತು. ಸುತ್ತ ಶತ್ರುಗಳು, ನಡುವೆ ತುಂಬಿದ ಹೊಳೆ, ಒಳಗೆ ಒಬ್ಬರನ್ನೊಬ್ಬರು ನಂಬದ ಶಹಜಾದರ ಕಡೆಯವರು. ಅವನು ಹಟ ಮಾಡಿ ಜನರಿಗೆ ಮುಖ ತೋರಿಸಿದ. ಅಕ್ಟೋಬರಿನಲ್ಲಿ ಪಲ್ಲಕ್ಕಿ ಏರಿ ಬಡಗಿಗೆ ಹೊರಟು 1706ರ ಜನವರಿಗೆ ಅಹಮದನಗರ ತಲುಪಿದ. ಮರುವರ್ಷ ಅಲ್ಲೇ ತೀರಿಕೊಂಡ.

ಅವನ ಪಲ್ಲಕ್ಕಿಯ ಧೂಳು ಅಡಗುವ ಹೊತ್ತಿಗೆ ಪಿಡ್ಡನಾಯಕ ಹಿಂತಿರುಗಿ ಬಂದಿದ್ದ. ವಾಗಣಗೇರಾದ ಬದಲು ಹತ್ತಿರದ ಇನ್ನೊಂದು ಗುಡ್ಡದ ಮಡಿಲಲ್ಲಿ ಹೊಸ ಊರು ಎದ್ದಿತು. ಅದೇ ಸುರಪುರ, ಇಂಗ್ಲಿಷರ ಬಾಯಲ್ಲಿ ಶೋರಾಪುರ. ಮೂರು ಕಡೆ ಗುಡ್ಡ, ನಡುವೆ ಬಟ್ಟಲಿನಂಥ ತಗ್ಗು, ಆ ತಗ್ಗಿನಲ್ಲಿ ವಾಡೆ, ಗುಡಿ, ಓಣಿಗಳು. ಹೊರಗಿನಿಂದ ಬರುವವನಿಗೆ ಊರು ಇದೆಯೆಂದೇ ಗೊತ್ತಾಗುವುದಿಲ್ಲ. ತಿರುವು ದಾಟಿದ ಮೇಲೆ ಒಮ್ಮೆಲೇ ಎದುರಿಗೆ ಬಂದು ನಿಲ್ಲುತ್ತದೆ. ಊರು ಕಟ್ಟಿದವರು ನೋಟಕ್ಕಾಗಿ ಗುಡ್ಡ ಆರಿಸಲಿಲ್ಲ, ಯಾರ ನೋಟಕ್ಕೂ ಬೀಳದಿರಲೆಂದು ಆರಿಸಿದರು. ಇವತ್ತಿಗೂ ಸುರಪುರದ ಹಳೆಯ ಓಣಿಗಳಲ್ಲಿ ಹೊಸಬ ಹೊಕ್ಕರೆ ಎರಡೇ ತಿರುವಿಗೆ ದಿಕ್ಕು ತಪ್ಪುತ್ತಾನೆ.

ಅಡಗಿ ಕೂತವರು ಬರಿಗೈಲಿ ಕೂತಿರಲಿಲ್ಲ. ವೇಣುಗೋಪಾಲಸ್ವಾಮಿಯ ಗುಡಿ ಬಂತು. ಅಲ್ಲಿನ ಜಾತ್ರೆಯಲ್ಲಿ ಎತ್ತರದ ಕಂಬ ನೆಟ್ಟು, ಮೇಲಿಂದ ನೀರು ಸುರಿಯುತ್ತಿರುವಾಗ ಜಾರುವ ಕಂಬ ಹತ್ತುವ ಆಟವನ್ನು ಸುತ್ತ ಹಳ್ಳಿಯ ಮಂದಿ ಈಗಲೂ ಗಾಡಿ ಕಟ್ಟಿಕೊಂಡು ನೋಡಲು ಬರುತ್ತಾರೆ. ಗರುಡಾದ್ರಿ ಮನೆತನದ ಚಿತ್ರಕಾರರು ದೇವರ, ಅರಸರ ಚಿತ್ರ ಬರೆದರು. ಅದು ಸುರಪುರ ಶೈಲಿ ಎಂದೇ ಹೆಸರಾಯಿತು. ಪಕ್ಕದ ರಂಗಂಪೇಟೆಯಲ್ಲಿ ಮಗ್ಗಗಳು ಸದ್ದು ಮಾಡಿದವು. ಎಲ್ಲಕ್ಕಿಂತ ಹೆಚ್ಚಾಗಿ, ಊರಿನ ಹೊರಗೆ ಬೋನಾಳದಲ್ಲಿ ಕೆರೆ ಕಟ್ಟಿಸಿದರು. ಸುಮಾರು 700 ಎಕರೆ ನೀರು. ಬಾವಿ ಕಳೆದುಕೊಂಡು ಕೋಟೆ ಕಳೆದುಕೊಂಡ ಮನೆತನಕ್ಕೆ ನೀರಿನ ಬೆಲೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆಮೇಲಿನ ನೂರು ವರ್ಷ ನಿಜಾಮನಿಗೆ ಕಪ್ಪ, ಪಟ್ಟಕ್ಕೆ ಕೂತಾಗಲೆಲ್ಲ ನಜರಾಣೆ, ಅದಕ್ಕೆ ಸಾಲ, ಸಾಲಕ್ಕೆ ಬಡ್ಡಿ. ಇದನ್ನು ಬೆಳೆಸಿ ಹೇಳುವುದರಲ್ಲಿ ರುಚಿಯಿಲ್ಲ. 1841ರ ಹೊತ್ತಿಗೆ ರಾಜ ತೀರಿಕೊಂಡು, ಪಟ್ಟಕ್ಕೆ ಏಳೆಂಟು ವರ್ಷದ ಹುಡುಗ ವೆಂಕಟಪ್ಪ ಉಳಿದ. ಅವನ ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ಚಿಕ್ಕಪ್ಪ ಇನ್ನೊಬ್ಬ ಪಿಡ್ಡನಾಯಕ ಮತ್ತೊಂದು ಕಡೆ. ಈ ಜಗಳ ಬಗೆಹರಿಸಲು ಹೈದರಾಬಾದಿನ ಇಂಗ್ಲಿಷ್ ರೆಸಿಡೆಂಟು ಕಳಿಸಿದವನು ಫಿಲಿಪ್ ಮೆಡೋಸ್ ಟೇಲರ್.

ಟೇಲರ್ ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲಿನಲ್ಲಿ. ಹದಿನೈದರ ಹರೆಯದಲ್ಲಿ ಮುಂಬಯಿಯ ಒಬ್ಬ ವ್ಯಾಪಾರಿಯ ಅಂಗಡಿಗೆಂದು ಹಡಗು ಏರಿ ಬಂದವನು, ಆ ವ್ಯಾಪಾರಿಯ ಗತಿ ನೆಟ್ಟಗಿಲ್ಲವೆಂದು ತಿಳಿದು ನಿಜಾಮನ ಸೈನ್ಯ ಸೇರಿದ. ಕಂಪನಿಯ ನೌಕರನಲ್ಲ ಎಂಬ ಕೊರತೆ ಕೊನೆತನಕ ಅವನನ್ನು ಕಾಡಿತು. 1839ರಲ್ಲಿ ಠಕ್ಕರ ಬಗ್ಗೆ ಬರೆದ ಕಾದಂಬರಿ ಲಂಡನ್ನಿನಲ್ಲಿ ಮನೆಮಾತಾಗಿತ್ತು. ‘ಟೈಮ್ಸ್’ ಪತ್ರಿಕೆಗೆ ಇಲ್ಲಿಂದ ವರದಿ ಬರೆಯುತ್ತಿದ್ದ. ಅಂದರೆ ಬಂದವನು ಅರ್ಧ ಅಧಿಕಾರಿ, ಅರ್ಧ ಕಥೆಗಾರ. ಅವನ ಮಾತನ್ನು ಓದುವಾಗ ಇದನ್ನು ಮರೆಯಬಾರದು.

ಹನ್ನೆರಡು ವರ್ಷ ಸುರಪುರದಲ್ಲಿ ಇದ್ದ. ಹೊಲ ಅಳೆಸಿದ, ಸಾಲದ ಹೊರೆ ಇಳಿಸಿದ, ರಸ್ತೆ ಮಾಡಿಸಿದ, ಬೋನಾಳದ ಕೆರೆಯನ್ನು ರಿಪೇರಿ ಮಾಡಿಸಿದ. ಗುಡ್ಡದ ನೆತ್ತಿಯ ಮೇಲೆ ಮನೆ ಕಟ್ಟಿಸಿದ. ಜನ ಅದಕ್ಕೆ ಟೇಲರ್ ಮಂಜಿಲ್ ಎಂದರು. ಸುರಪುರದ ಚರಿತ್ರೆಯಲ್ಲಿ ಗುಡ್ಡದ ಮೇಲೆ ಕೋವಿ ಇಡಲು ಜಾಗವಿಲ್ಲದೆ ಬರೇ ಕಿಟಕಿ ಇಟ್ಟು ಕಟ್ಟಿದ ಮೊದಲ ಕಟ್ಟಡ ಅದೇ ಇರಬೇಕೆಂದು ನನಗೆ ಅನ್ನಿಸುತ್ತದೆ. ಸಂಜೆ ಅಲ್ಲಿ ನಿಂತರೆ ಕೆಳಗೆ ಮಾಳಿಗೆ ಮನೆಗಳು, ಹೊಗೆ, ಮಸೀದಿಯ ಮಿನಾರು, ಗುಡಿಯ ಗೋಪುರ, ಅದರಾಚೆ ಎರೆಹೊಲ, ಇನ್ನೂ ಆಚೆ ನೀರಿನ ಒಂದು ಬಿಳಿ ಗೆರೆ. ಮೇ ತಿಂಗಳಲ್ಲೂ ಹೊತ್ತು ಮುಳುಗಿದ ಮೇಲೆ ಅಲ್ಲಿ ಗಾಳಿ ಬರುತ್ತದೆ. ಕೆಳಗಿನ ಓಣಿಯಲ್ಲಿ ಹೊರಸು ಹಾಕಿಕೊಂಡು ಮಲಗಿದವರಿಗೆ ಆ ಗಾಳಿ ಇಲ್ಲ. ಗುಡ್ಡವನ್ನು ಮರೆಯಾಗಿ ಬಳಸಿದ ಊರಿನಲ್ಲಿ, ಗುಡ್ಡವನ್ನು ಕಟ್ಟೆಯಾಗಿ ಬಳಸಿದವನು ಅವನು.

ಬಿಡುವಾದಾಗ ಕಲ್ಲು ಹುಡುಕುತ್ತ ಹೋಗುತ್ತಿದ್ದ. ಕೊಡೇಕಲ್ಲಿನ ಬಳಿ ರಾಜನಕೊಳ್ಳೂರಿನಲ್ಲಿ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ ಮೇಲೆ ಚಪ್ಪಡಿ ಹೊದಿಸಿದ ಕಲ್ಮನೆಗಳಿವೆ. ಟೇಲರ್ ಅವುಗಳ ಅಳತೆ ತೆಗೆದು ಚಿತ್ರ ಬರೆದು, ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಗೆ ಕಳಿಸಿದ. ಇಂಗ್ಲೆಂಡ್ ಐರ್ಲೆಂಡಿನ ಬಯಲಲ್ಲಿ ಇಂಥದೇ ಕಲ್ಲು ನೆಟ್ಟ ಜನರೇ ಇಲ್ಲೂ ನೆಟ್ಟಿರಬೇಕೆಂದು ಅವನ ಎಣಿಕೆ. ಎಣಿಕೆ ತಪ್ಪಿತು, ಅಳತೆ ತಪ್ಪಿರಲಿಲ್ಲ. ದಕ್ಷಿಣ ಭಾರತದ ಬೃಹತ್ ಶಿಲಾಸಮಾಧಿಗಳ ಅಭ್ಯಾಸ ಮಾಡುವವರು ಇಂದಿಗೂ ಅವನ ಹೆಸರಿನಿಂದಲೇ ಶುರು ಮಾಡುತ್ತಾರೆ.

ಹುಡುಗ ರಾಜ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. ಇದನ್ನು ಟೇಲರನೇ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ, ಮುಚ್ಚುಮರೆಯಿಲ್ಲದ ಹೆಮ್ಮೆಯಿಂದ. ಅಧಿಕಾರ ನಡೆಸಲು ಬಂದವನಿಗೆ ಅಪ್ಪನಾಗುವ ಹಕ್ಕು ಎಷ್ಟು ಎಂದು ಈಗ ಕೇಳಬಹುದು, ಕೇಳಲೂಬೇಕು. ಆದರೆ ತಂದೆ ಸತ್ತ ಹುಡುಗ ಬಾಯಿತುಂಬ ಕರೆದದ್ದು ಸುಳ್ಳೆಂದು ಹೇಳಲು ನನಗೆ ಧೈರ್ಯವಿಲ್ಲ. ಆ ಪುಸ್ತಕದಲ್ಲಿ ಒಂದು ಜಾತಕದ ಕಥೆಯೂ ಬರುತ್ತದೆ. ಮಗ ಇಪ್ಪತ್ನಾಲ್ಕನೆಯ ವರ್ಷ ದಾಟುವುದಿಲ್ಲವೆಂದು ಜಾತಕ ಹೇಳುತ್ತದೆ, ಯಾರಿಗೂ ತಿಳಿಯದಂತೆ ಇಟ್ಟಿದ್ದೇನೆ ಎಂದು ರಾಣಿ ಅವನಿಗೆ ಗುಟ್ಟಾಗಿ ಹೇಳಿದಳಂತೆ. ಕಥೆಗಾರ ಇದನ್ನೆಲ್ಲ ಬರೆದದ್ದು ಆಗುವುದೆಲ್ಲ ಆದ ಎಷ್ಟೋ ವರ್ಷದ ಮೇಲೆ ಎಂಬುದನ್ನು ನೆನಪಿಟ್ಟು ಓದಿಕೊಳ್ಳಿ.

1853ರಲ್ಲಿ ವೆಂಕಟಪ್ಪ ನಾಯಕ ವಯಸ್ಸಿಗೆ ಬಂದು ಆಡಳಿತ ವಹಿಸಿಕೊಂಡ. ಟೇಲರ್ ನಳದುರ್ಗಕ್ಕೆ ಹೋದ. ನಾಲ್ಕು ವರ್ಷ ಕಳೆಯುವುದರೊಳಗೆ ಬಡಗಣದಲ್ಲಿ ಸಿಪಾಯಿಗಳು ಎದ್ದರು. ಸುರಪುರಕ್ಕೆ ಓಲೆಗಳು ಬಂದವು, ಫಕೀರರ ಬೈರಾಗಿಗಳ ವೇಷದಲ್ಲಿ ಜನ ಬಂದರು, ಹೊರಗಿನಿಂದ ಕೋವಿ ಹಿಡಿದವರು ಬಂದು ಸೇರಿದರು. ವಿಚಾರಿಸಲೆಂದು ಕ್ಯಾಪ್ಟನ್ ಕ್ಯಾಂಪ್‌ಬೆಲ್ ಬಂದು ಊರ ಹೊರಗೆ ಡೇರೆ ಹಾಕಿದ. 1858ರ ಫೆಬ್ರುವರಿ 7ರ ರಾತ್ರಿ ಬೇಡರು ಡೇರೆಯ ಮೇಲೆ ಬಿದ್ದರು. ಅದು ವಾಗಣಗೇರಾದ ಹಳೆಯ ಪಾಠವೇ: ರಾತ್ರಿ, ಗುಡ್ಡ, ಕೋವಿ. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಜೊತೆಗಿದ್ದ ಲೆಫ್ಟಿನೆಂಟ್ ಸ್ಟೂವರ್ಟ್ ಗಾಯದಿಂದ ಉಳಿಯಲಿಲ್ಲ. ಲಿಂಗಸುಗೂರಿನ ಕಡೆಯಿಂದ ಮತ್ತಷ್ಟು ದಂಡು ಬರುತ್ತಿದೆಯೆಂದು ತಿಳಿದು ರಾಜ ಕೆಲವೇ ಸವಾರರೊಡನೆ ಹೈದರಾಬಾದಿಗೆ ಹೋದ. ಅಲ್ಲಿ ಆಶ್ರಯ ಸಿಗಲಿಲ್ಲ. ಹಿಡಿದು ಸಿಕಂದರಾಬಾದಿಗೆ ಒಪ್ಪಿಸಿದರು.

ಸೆರೆಮನೆಗೆ ಟೇಲರ್ ಹೋದ. ಯಾರು ನಿನ್ನನ್ನು ಎಬ್ಬಿಸಿದರು, ಹೈದರಾಬಾದಿನಲ್ಲಿ ಯಾರು ಯಾರು ಇದ್ದರು ಎಂದು ಕೇಳುವಂತೆ ಅವನಿಗೆ ಮೇಲಿನಿಂದ ಹೇಳಿ ಕಳಿಸಿದ್ದರು. ಹೆಸರು ಹೇಳಿದರೆ ಶಿಕ್ಷೆ ಕಡಿಮೆಯಾಗಬಹುದು. ‘ಅಪ್ಪಾ’ ಎಂದು ಕರೆಯುತ್ತಿದ್ದವನು ಒಂದು ಹೆಸರನ್ನೂ ಬಿಟ್ಟುಕೊಡಲಿಲ್ಲ. ಕೊಲ್ಲುವುದಾದರೆ ತೋಪಿನ ಬಾಯಿಗೆ ಕಟ್ಟಲಿ, ಕಳ್ಳನಂತೆ ನೇಣಿಗೆ ಹಾಕುವುದು ಬೇಡವೆಂದಷ್ಟೇ ಕೇಳಿಕೊಂಡ. ಟೇಲರನ ಪುಸ್ತಕದಲ್ಲಿ ಸುರಪುರದ ಸ್ವಭಾವ ಇಷ್ಟು ಹತ್ತಿರದಿಂದ ಕಾಣುವ ಪುಟ ಮತ್ತೊಂದಿಲ್ಲ. ಹನ್ನೆರಡು ವರ್ಷ ಊರನ್ನು ಅಳೆದವನಿಗೆ ಅಂದು ಊರಿನ ಒಳಬಾಗಿಲು ತೆರೆಯಲಿಲ್ಲ.

ಮೊದಲು ಮರಣದಂಡನೆ, ಆಮೇಲೆ ಗಡೀಪಾರು, ಕೊನೆಗೆ ಗವರ್ನರ್ ಜನರಲ್ ಅದನ್ನು ನಾಲ್ಕು ವರ್ಷದ ಸೆರೆವಾಸಕ್ಕೆ ಇಳಿಸಿದ. ಮದರಾಸಿನ ಕಡೆಯ ಕೋಟೆಗೆ ಒಯ್ಯುವಾಗ, ಹೈದರಾಬಾದು ಬಿಟ್ಟ ಮೊದಲ ತಂಗುದಾಣದಲ್ಲೇ, ಕಾವಲು ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ವೆಂಕಟಪ್ಪ ನಾಯಕ ಸತ್ತ. ತಾನೇ ಹೊಡೆದುಕೊಂಡನೆಂದು ಟೇಲರ್ ಬರೆದ. ಹೊಡೆದು ಕೊಂದರೆಂದು ಸುರಪುರ ನಂಬಿತು, ಈಗಲೂ ನಂಬುತ್ತದೆ. ವಯಸ್ಸು ಇಪ್ಪತ್ನಾಲ್ಕು. 1860ರಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಇನಾಮಿನಂತೆ ಕೊಟ್ಟುಬಿಟ್ಟರು. ಬೇಡ ನಾಯಕರ ಗೋಸಲ ವಂಶದ ಆಳ್ವಿಕೆ ಅಲ್ಲಿಗೆ ಮುಗಿಯಿತು. ಅದೇ ವರ್ಷ ಟೇಲರನೂ ಆರೋಗ್ಯ ಕೆಟ್ಟು ಹಡಗು ಹತ್ತಿದ.

ಇಲ್ಲಿಗೆ ನಿಲ್ಲಿಸಿದರೆ ಹುಡುಗನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಅವನು ಕೇಳಿದ್ದು ಕಡಲ ದಂಡೆಯ ಊರು.

ಹದಿನೈದು ವರ್ಷದ ಮೇಲೆ, 1875ರಲ್ಲಿ, ಟೇಲರ್ ಮತ್ತೆ ಹೈದರಾಬಾದಿಗೆ ಬಂದ. ಜ್ವರ ಹಿಡಿಯಿತು, ಕಣ್ಣು ಹೋಯಿತು. ಹಿಂತಿರುಗುವ ದಾರಿಯಲ್ಲಿ ಅವನು ತಂಗಿದ್ದು ಮೆಂಟನ್ ಎಂಬ ಊರಲ್ಲಿ. ಫ್ರಾನ್ಸಿನ ಆಗ್ನೇಯ ತುದಿ, ಇಟಲಿಯ ಗಡಿಗೆ ಅಂಟಿಕೊಂಡ ಪಟ್ಟಣ. ಬೆನ್ನಿಗೆ ಆಲ್ಪ್ಸ್ ಬೆಟ್ಟ, ಮುಂದೆ ಮೆಡಿಟರೇನಿಯನ್ ಸಮುದ್ರ, ನಡುವೆ ನಿಂಬೆ ತೋಟ. ಬೆಟ್ಟ ಬಡಗಣ ಗಾಳಿಯನ್ನು ತಡೆಯುವುದರಿಂದ ಅಲ್ಲಿ ಚಳಿಗಾಲದಲ್ಲೂ ಬಿಸಿಲು ಬೆಚ್ಚಗಿರುತ್ತದೆ. 1861ರವರೆಗೆ ಅದರ ಮೇಲಿನ ಹಕ್ಕು ಮೊನಾಕೊ ಅರಸನದು. ಆ ವರ್ಷ ಅವನು ಪಕ್ಕದೂರನ್ನೂ ಸೇರಿಸಿ 40 ಲಕ್ಷ ಫ್ರಾಂಕಿಗೆ ಫ್ರಾನ್ಸಿಗೆ ಮಾರಿಬಿಟ್ಟ. ಅದೇ ಹೊತ್ತಿಗೆ ಜೇಮ್ಸ್ ಹೆನ್ರಿ ಬೆನೆಟ್ ಎಂಬ ಇಂಗ್ಲಿಷ್ ವೈದ್ಯ, ಕ್ಷಯದಿಂದ ಬಳಲುತ್ತ ಸಾಯಲೆಂದೇ ಬಂದವನು, ಅಲ್ಲಿ ಚೇತರಿಸಿಕೊಂಡು ಊರಿನ ಹವೆಯನ್ನು ಹೊಗಳಿ ಪುಸ್ತಕ ಬರೆದ. ಅಷ್ಟು ಸಾಕಾಯಿತು. ಕೆಮ್ಮುವ ಇಂಗ್ಲೆಂಡೆಲ್ಲ ಮೆಂಟನ್ನಿಗೆ ರೈಲು ಹತ್ತಿತು. ಹೋಟೆಲುಗಳು ಎದ್ದವು, ಗುಡ್ಡದ ಮೇಲಿನ ಸ್ಮಶಾನವೂ ಬೆಳೆಯಿತು.

ಆ ಊರಿಗೂ ನಮ್ಮ ಹುಣಸಗಿಯಂಥ ಒಂದು ಆಳವಿದೆ. ಗಡಿಯಾಚೆ ಕೆಂಪು ಬಂಡೆಯ ಗವಿಗಳಲ್ಲಿ 1872ರಲ್ಲಿ ಎಮಿಲ್ ರಿವಿಯೇರ್ ಎಂಬಾತ ಶಿಲಾಯುಗದ ಅಸ್ಥಿಪಂಜರವೊಂದನ್ನು ಹೊರತೆಗೆದ. ತಲೆಗೆ ಚಿಪ್ಪು ಪೋಣಿಸಿದ ಅಲಂಕಾರವಿತ್ತು. ಅದಕ್ಕೆ ‘ಮೆಂಟನ್ ಮನುಷ್ಯ’ ಎಂಬ ಹೆಸರೇ ಬಿತ್ತು. ಕಲ್ಲು ಕಂಡಲ್ಲಿ ಕುದುರೆ ಇಳಿಯುತ್ತಿದ್ದ ಟೇಲರನಿಗೆ ಕಣ್ಣಿದ್ದಿದ್ದರೆ ಆ ಗವಿಗೆ ಹೋಗದೆ ಬಿಡುತ್ತಿರಲಿಲ್ಲ. ಆದರೆ ಕಣ್ಣಿರಲಿಲ್ಲ. ಕಡಲು ಅವನಿಗೆ ಸದ್ದು ಮಾತ್ರ. 1876ರ ಮೇ 13ರಂದು ಅಲ್ಲೇ ತೀರಿಕೊಂಡ. ಮಗಳು ಆಲಿಸ್ ಮರುವರ್ಷ ಅವನ ಆತ್ಮಕಥೆಯನ್ನು ಅಚ್ಚು ಹಾಕಿಸಿದಳು. ಚಾಂದಬೀಬಿಯ ಮೇಲಿನ ಅವನ ಕೊನೆಯ ಕಾದಂಬರಿ 1878ರಲ್ಲಿ ಪುಸ್ತಕವಾಯಿತು. ಅದರಲ್ಲಿ ಕೃಷ್ಣೆಯ ನಡುಗಡ್ಡೆಯ ಜಲದುರ್ಗವಿದೆ, ಕೊಡೇಕಲ್ಲಿನ ಬೇಡ ನಾಯಕನಿದ್ದಾನೆ. ಕಕ್ಕೇರಾದಿಂದ ಎರಡು ಬಸ್ ಬದಲಿಸಿದರೆ ಆ ಪುಟಗಳೊಳಗೆ ಇಳಿಯಬಹುದು.

ಮೆಂಟನ್ನಿನಲ್ಲಿ ಈಗ ಪ್ರತಿ ಫೆಬ್ರುವರಿಯಲ್ಲಿ ನಿಂಬೆಹಣ್ಣಿನ ಹಬ್ಬ ನಡೆಯುತ್ತದೆಯಂತೆ. ಟನ್ನುಗಟ್ಟಲೆ ನಿಂಬೆ ಕಿತ್ತಳೆ ಜೋಡಿಸಿ ರಥ ಮಾಡುತ್ತಾರೆ, ಜನ ಸಾಗರ ಸೇರುತ್ತದೆ. ಬೋನಾಳಕ್ಕೆ ಅಂಥ ಭಾಗ್ಯವಿಲ್ಲ. ಪಕ್ಷಿಧಾಮ ಎಂಬ ಬೋರ್ಡು ಇದೆ. ರಂಗನತಿಟ್ಟಿನ ನಂತರ ರಾಜ್ಯದಲ್ಲೇ ಎರಡನೆಯ ದೊಡ್ಡದೆಂದು ಹೇಳುತ್ತಾರೆ. ಹೋಟೆಲಿಲ್ಲ, ಚಹಾ ಬೇಕಾದರೆ ಸುರಪುರಕ್ಕೇ ಹಿಂತಿರುಗಬೇಕು. ಹೋಗುವಾಗ ಎರಡು ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗುವುದು ಜಾಣತನ.

ಹೋದ ಡಿಸೆಂಬರಿನಲ್ಲಿ ಹುಡುಗನನ್ನು ಕರೆದುಕೊಂಡು ಹೋದೆ. ಏರಿಯ ಮೇಲೆ ಕೂತೆವು. ಜಾಲಿ ಮರದ ನೆರಳು ಅರ್ಧ ನೀರಿನ ಮೇಲೆ, ಅರ್ಧ ನಮ್ಮ ಮೇಲೆ. ನಡುನೀರಿನಲ್ಲಿ ಪಟ್ಟೆತಲೆ ಹೆಬ್ಬಾತುಗಳ ಹಿಂಡು. ಬಿಳಿ ತಲೆ, ಹಿಂದಲೆಗೆ ಎರಡು ಕಪ್ಪು ಪಟ್ಟೆ, ಕುಂಚದಿಂದ ಎಳೆದ ಹಾಗೆ. ಮಂಗೋಲಿಯ, ಟಿಬೆಟ್ಟಿನಿಂದ ಹಿಮಾಲಯ ಹಾರಿ ದಾಟಿ ಬರುವ ಹಕ್ಕಿ. ಚಳಿಗಾಲ ಕಳೆಯಲು ಈ ಸೀಮೆಗೆ ತಾವಾಗಿಯೇ ಬಂದು, ಮುಗಿದ ಮೇಲೆ ತಾವಾಗಿಯೇ ಹೋಗುವ ಅತಿಥಿಗಳು.

“ಕಾಕಾ, ಇವು ದಿನಾ ಹಿಂಗ ಸುಮ್ನ ಕುಂದ್ರತಾವೇನು?”

ಹೊತ್ತು ಮುಳುಗುತ್ತಿತ್ತು. ಒಂದು ಹಕ್ಕಿ ಕೂಗಿತು, ಇನ್ನೊಂದು ಉತ್ತರ ಕೊಟ್ಟಿತು, ಇಡೀ ಹಿಂಡು ನೀರು ಸಿಡಿಸಿ ಎದ್ದು ನಮ್ಮ ತಲೆಯ ಮೇಲಿಂದ ಹೊಲಗಳ ಕಡೆ ಹಾರಿತು. ಸ್ವಲ್ಪ ಹೊತ್ತಿಗೆ ಕತ್ತಲೊಳಗಿಂದ ಎಣ್ಣೆಡಬ್ಬಿ ಬಡಿಯುವ ಸದ್ದು, ಅದರ ಹಿಂದೆಯೇ ಕಡಲೆ ಹೊಲದ ರೈತನ ಬೈಗುಳ ಕೇಳಿ ಬಂದವು.